ಏರಿನಲ್ಲಿ ಸೋಲುತ್ತಿದ್ದ ಪುಟ್ಟ ಎಲೆಕ್ಟ್ರಿಕ್ ಕಾರು: ವೇಗ ಹೆಚ್ಚಿಸಲು ಹೋದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಬರುವವರ ಹೆಸರು, ಊರು, ಗಾಡಿಯ ಕಂಪನಿ, ಮಾದರಿ ಎಲ್ಲವನ್ನೂ ಬಿಟ್ಟಿದ್ದೇನೆ. ಕ್ಯಾಲಿಫೋರ್ನಿಯಾ ಎಂಬುದನ್ನು ಮಾತ್ರ ಹಾಗೇ ಉಳಿಸಿದ್ದೇನೆ. ಅಲ್ಲಿನ ಕಾನೂನು ಗೊತ್ತಿಲ್ಲದಿದ್ದರೆ ಇಲ್ಲಿ ತೆಗೆದುಕೊಂಡ ತೀರ್ಮಾನಗಳು ಅರ್ಥವಾಗುವುದಿಲ್ಲ. ಮಾಲೀಕರನ್ನು ಯಜಮಾನರು ಅಂತ ಕರೆಯುತ್ತೇನೆ. ಎಪ್ಪತ್ತು ದಾಟಿದ, ನಿವೃತ್ತರಾದ ಕನ್ನಡಿಗರು. ನಾನು ಎಲೆಕ್ಟ್ರಿಕಲ್ ಎಂಜಿನಿಯರ್. ಹಳೆಯ ಎಲೆಕ್ಟ್ರಿಕ್ ಗಾಡಿಗಳನ್ನು ಬಿಚ್ಚಿ ಜೋಡಿಸುವುದು ನನ್ನ ಹವ್ಯಾಸ. ದುಡ್ಡಿಗೆ ಮಾಡುವ ಕೆಲಸವಲ್ಲ. ಈ ಮಾತು ಮುಂದೆ ಮುಖ್ಯವಾಗುತ್ತದೆ.

ಗಾಡಿ ಮತ್ತು ಅದರ ಜಾತಿ

ಅಮೆರಿಕದಲ್ಲಿ ಬಡಾವಣೆಯೊಳಗೆ ಓಡಾಡಲು ಅಂತಲೇ ಒಂದು ಬಗೆಯ ಸಣ್ಣ ಎಲೆಕ್ಟ್ರಿಕ್ ಕಾರುಗಳಿವೆ. ನೋಡಲು ಗಾಲ್ಫ್ ಕಾರ್ಟಿನ ಅಣ್ಣನ ಹಾಗಿರುತ್ತವೆ. 1998ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಇವುಗಳಿಗೆ ಬೇರೆಯದೇ ಒಂದು ವರ್ಗ ಮಾಡಿತು. ಹೆಸರು ಕಡಿಮೆ ವೇಗದ ವಾಹನ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20 ಮೈಲಿಗಿಂತ ಹೆಚ್ಚು ಓಡಬೇಕು, 25 ಮೈಲಿ ದಾಟಬಾರದು. 25 ಮೈಲಿ ಅಂದರೆ ನಮ್ಮ ಲೆಕ್ಕದಲ್ಲಿ 40 ಕಿಲೋಮೀಟರ್. ಜನ, ಸಾಮಾನು ಸೇರಿ ಗರಿಷ್ಠ ತೂಕ 3,000 ಪೌಂಡ್, ಅಂದರೆ 1,361 ಕಿಲೋ ಒಳಗಿರಬೇಕು. ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್, ಕನ್ನಡಿ, ಮುಂದಿನ ಗಾಜು, ಹ್ಯಾಂಡ್ ಬ್ರೇಕ್, ಸೀಟ್ ಬೆಲ್ಟ್ ಕಡ್ಡಾಯ. ಏರ್‌ಬ್ಯಾಗ್ ಬೇಡ. ಗುದ್ದಿಸಿ ನೋಡುವ ಪರೀಕ್ಷೆಯೂ ಬೇಡ. ವೇಗ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಸಿಕ್ಕಿರುವ ರಿಯಾಯಿತಿ ಇದು.

ಯಜಮಾನರ ಗಾಡಿ ನಾಲ್ಕು ಸೀಟಿನದು, ಸೆಕೆಂಡ್ ಹ್ಯಾಂಡ್. ಬಾಗಿಲಿಲ್ಲ. ಸೀಟಿನ ಕೆಳಗೆ 12 ವೋಲ್ಟಿನ ಆರು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 72 ವೋಲ್ಟ್. ಮೋಟಾರ್ 5 ಅಶ್ವಶಕ್ತಿಯದು, ಬ್ರಶ್ (ತಿರುಗುವ ಭಾಗಕ್ಕೆ ಉಜ್ಜಿಕೊಂಡು ಕರೆಂಟ್ ಕೊಡುವ ಇಂಗಾಲದ ತುಂಡು) ಇರುವ ಡಿಸಿ ಮೋಟಾರ್. ಗೇರ್ ಒಂದೇ. ಚಕ್ರ ಒಂದು ಸುತ್ತು ತಿರುಗಿದರೆ ಮೋಟಾರ್ ಸುಮಾರು ಹನ್ನೆರಡು ಸುತ್ತು ತಿರುಗುತ್ತದೆ.

ಮನೆ ಗುಡ್ಡದ ಮೇಲೆ. ಅಂಗಡಿ, ಔಷಧಿ, ಲೈಬ್ರರಿ ಎಲ್ಲ ಕೆಳಗೆ, ಸುಮಾರು ಮೂರು ಮೈಲಿ. ದಾರಿಯಲ್ಲಿ ಮುಕ್ಕಾಲು ಮೈಲಿಯಷ್ಟು ದೂರ ಗಂಟೆಗೆ 35 ಮೈಲಿ ವೇಗದ ಮಿತಿಯ ರಸ್ತೆ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಗಾಡಿ ಓಡಿಸಬಹುದಾದ ರಸ್ತೆಯ ಮಿತಿಯೂ 35 ಮೈಲಿಯೇ. ಹೀಗಾಗಿ ಅಲ್ಲಿ ಹೋಗುವುದು ಕಾನೂನಿಗೆ ಸರಿ. ಆದರೆ ಆ ಮುಕ್ಕಾಲು ಮೈಲಿ ಪೂರ್ತಿ ಏರು, ನೂರು ಅಡಿಗೆ ಐದು ಅಡಿಯಷ್ಟು. ಹೋಗುವಾಗ ಇಳಿಜಾರು. ಬರುವಾಗ, ಅದೂ ತರಕಾರಿ ಚೀಲ ತುಂಬಿಕೊಂಡು, ಏರು.

ತೊಂದರೆ

ಏರಿನಲ್ಲಿ ಗಾಡಿ 17 ಮೈಲಿಗೆ ಇಳಿಯುತ್ತಿತ್ತು. ಹಿಂದೆ ಕಾರುಗಳ ಸಾಲು, ಹಾರ್ನು, ಕೆಲವರು ಸಿಟ್ಟಿನಿಂದ ಪಕ್ಕಕ್ಕೆ ತಿರುಗಿಸಿಕೊಂಡು ಮುಂದೆ ನುಗ್ಗುವುದು. ಯಜಮಾನರಿಗೆ ಸಾಕಾಗಿತ್ತು. ಅವರು ಫೋನ್ ಮಾಡಿ ಕೇಳಿದ್ದು ನೇರವಾಗಿತ್ತು: "ಇದನ್ನ 35 ಮಾಡಿಕೊಡಿ. ಪಕ್ಕದ ಮನೆಯವರು ಗಾಲ್ಫ್ ಕಾರ್ಟಿಗೆ ಮಾಡಿಸಿದಾರೆ. ಸಣ್ಣ ಕೆಲಸವಂತೆ."

ನಾನು ಹೋಗುವಷ್ಟರಲ್ಲಿ ಅವರು ಒಂದು ಪ್ರಯೋಗ ಮುಗಿಸಿದ್ದರು. 20.5 ಇಂಚಿನ ಟೈರ್ ತೆಗೆಸಿ 23 ಇಂಚಿನದು ಹಾಕಿಸಿದ್ದರು. ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಎಲೆಕ್ಟ್ರಾನಿಕ್ ಡಬ್ಬಿಯನ್ನೂ ತರಿಸಿ ಇಟ್ಟುಕೊಂಡಿದ್ದರು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಟೈರ್ ದೊಡ್ಡದಾದರೆ ಮೋಟಾರಿನ ಅದೇ ಸುತ್ತಿಗೆ ಗಾಡಿ ಶೇಕಡ 12ರಷ್ಟು ಜಾಸ್ತಿ ದೂರ ಹೋಗುತ್ತದೆ. ಸಮತಟ್ಟಿನಲ್ಲಿ 25 ಇದ್ದದ್ದು 28 ಆಗಿತ್ತು. ಆದರೆ ಮೀಟರ್ ಮಾತ್ರ 25 ಅಂತಲೇ ತೋರಿಸುತ್ತಿತ್ತು. ಯಾಕೆಂದರೆ ಅದು ನೋಡುವುದು ಮೋಟಾರಿನ ಸುತ್ತನ್ನು, ಚಕ್ರದ ಅಳತೆ ಅದಕ್ಕೆ ಗೊತ್ತಿಲ್ಲ. ಏರಿನಲ್ಲೋ, 17 ಇದ್ದದ್ದು 16ಕ್ಕೆ ಇಳಿದಿತ್ತು. ಒಂದೇ ಗೇರಿನ ಗಾಡಿಗೆ ದೊಡ್ಡ ಟೈರ್ ಹಾಕುವುದು ಅಂದರೆ ಏರಿನಲ್ಲಿ ಟಾಪ್ ಗೇರ್ ಹಾಕಿದ ಹಾಗೆ. ಮೇಲಾಗಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಬಲಗಡೆ ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ತೊಂದರೆ ಇದ್ದದ್ದು ಏರಿನಲ್ಲಿ, ಔಷಧಿ ಹಾಕಿದ್ದು ಸಮತಟ್ಟಿಗೆ.

ಕಾನೂನಿನ ಮಾತು ಮೊದಲು

ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮುಂಚೆ ನಾವು ಕೂತು ಮಾತಾಡಿದ್ದು ಕಾನೂನಿನ ಬಗ್ಗೆ. ಕ್ಯಾಲಿಫೋರ್ನಿಯಾದ ವಾಹನ ಕಾನೂನಿನ 21254ನೇ ಕಲಂ ಇದನ್ನು ನೇರವಾಗಿಯೇ ಹೇಳುತ್ತದೆ. ಕಡಿಮೆ ವೇಗದ ವಾಹನ ಅಂತ ಬಂದ ಗಾಡಿಯನ್ನು 25 ಮೈಲಿ ದಾಟುವಂತೆ ಬದಲಾಯಿಸಿದರೆ ಆ ರಿಯಾಯಿತಿ ಹೋಗುತ್ತದೆ. ಆಮೇಲೆ ಅದು ಮಾಮೂಲಿ ಕಾರಿಗಿರುವ ಎಲ್ಲ ಫೆಡರಲ್ ಸುರಕ್ಷತಾ ಮಾನದಂಡಗಳನ್ನೂ ಪಾಲಿಸಬೇಕು. ಬಾಗಿಲೇ ಇಲ್ಲದ ಗಾಡಿಗೆ ಅದು ಆಗದ ಮಾತು. ಅಂದರೆ ಟೈರ್ ಬದಲಾಯಿಸಿ 28 ಮಾಡಿದ ದಿನವೇ ಅವರು ಗೆರೆ ದಾಟಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ.

ವಾಷಿಂಗ್ಟನ್, ಮೊಂಟಾನಾದಂಥ ಕೆಲವು ರಾಜ್ಯಗಳು 35 ಮೈಲಿಯ ಮಧ್ಯಮ ವೇಗದ ವರ್ಗವನ್ನು ತಮ್ಮ ಮಟ್ಟಿಗೆ ಒಪ್ಪಿಕೊಂಡಿವೆ. ಇಡೀ ದೇಶಕ್ಕೆ ಅಂಥ ವರ್ಗ ಮಾಡಿ ಅಂತ ಬಂದ ಅರ್ಜಿಗಳನ್ನು ರಸ್ತೆ ಸುರಕ್ಷತಾ ಸಂಸ್ಥೆ 2008ರಲ್ಲಿ ತಳ್ಳಿಹಾಕಿತು. ಹೀಗಾಗಿ ಬೇರೆ ರಾಜ್ಯದವರು ಮಾಡಿದ್ದನ್ನು ನೋಡಿ ಇಲ್ಲಿ ಮಾಡುವ ಹಾಗಿಲ್ಲ.

ಹತ್ತಿರದ ಒಂದು ರಿಪೇರಿ ಅಂಗಡಿಯವರು ವೇಗದ ಮಿತಿಯನ್ನು ನಾವು ಮುಟ್ಟುವುದೇ ಇಲ್ಲ ಅಂದಿದ್ದರು. ಯಜಮಾನರಿಗೆ ಅದು ಸೋಮಾರಿತನ ಅನ್ನಿಸಿತ್ತು. ಅಲ್ಲ, ಅವರು ಹೇಳಿದ್ದು ಸರಿ. ಸುರಕ್ಷತಾ ಮಾನದಂಡಕ್ಕಾಗಿ ಗಾಡಿಯಲ್ಲಿ ಇಟ್ಟಿರುವ ವ್ಯವಸ್ಥೆಯನ್ನು ರಿಪೇರಿ ವ್ಯಾಪಾರ ಮಾಡುವವರು ಕೆಡಿಸಬಾರದು ಅಂತ ಫೆಡರಲ್ ಕಾನೂನೇ ಇದೆ. ನಾನು ದುಡ್ಡಿಗೆ ಮಾಡುವವನಲ್ಲ ಅಂತ ಮೊದಲೇ ಹೇಳಿದ್ದು ಇದಕ್ಕೇ.

"ಯಾರು ನೋಡ್ತಾರೆ?" ಅಂದರು ಯಜಮಾನರು.

ಪೊಲೀಸರು ನೋಡದೇ ಇರಬಹುದು. ಆದರೆ ಅಪಘಾತವಾದ ದಿನ ವಿಮೆಯವರು ನೋಡುತ್ತಾರೆ, ಅಲ್ವಾ? ಏಜೆಂಟಿಗೆ ಒಂದು ಇಮೇಲ್ ಕಳಿಸಿ ಕೇಳಿ ಅಂದೆ. ಉತ್ತರ ಚುಟುಕಾಗಿ ಬಂತು. ಪಾಲಿಸಿ ಇರುವುದು ಕಡಿಮೆ ವೇಗದ ವಾಹನಕ್ಕೆ. ಆ ವರ್ಗ ಬಿಟ್ಟು ಹೋದರೆ ಪಾಲಿಸಿಯೂ ಹೊಸದಾಗಿ ಪರಿಶೀಲನೆಗೆ ಹೋಗಬೇಕು. ಯಜಮಾನರು ಸ್ವಲ್ಪ ಮೆತ್ತಗಾದರು, ಪೂರ್ತಿ ಒಪ್ಪಲಿಲ್ಲ. ಕಡೆಗೆ ಒಂದು ಒಪ್ಪಂದಕ್ಕೆ ಬಂದೆವು. ಏರಿನಲ್ಲಿ ಯಾಕೆ ಸೋಲುತ್ತಿದೆ ಅಂತ ಮೊದಲು ನೋಡುವುದು. 35ರ ಮಾತು ಏನಿದ್ದರೂ ಖಾಸಗಿ ಜಾಗದಲ್ಲಿ, ಪರೀಕ್ಷೆಗೆ ಮಾತ್ರ.

ಅಳೆದು ನೋಡಿದಾಗ

ಫೋನಿನ ಜಿಪಿಎಸ್ಸನ್ನು ವೇಗಕ್ಕೆ ಇಟ್ಟೆವು. ಬ್ಯಾಟರಿ ಕೇಬಲ್ಲಿಗೆ ಕ್ಲ್ಯಾಂಪ್ ಮೀಟರ್ (ತಂತಿ ಬಿಚ್ಚದೆ, ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿದೆವು, ಒಟ್ಟು ವೋಲ್ಟೇಜಿಗೆ ಇನ್ನೊಂದು ಮೀಟರ್. ಯಜಮಾನರು ಗಾಡಿ ಓಡಿಸಿದರು, ನಾನು ಪಕ್ಕದಲ್ಲಿ ಕೂತು ಬರೆದುಕೊಂಡೆ.

ನಿಂತಾಗ 76 ವೋಲ್ಟ್. ಪೂರ್ತಿ ಚಾರ್ಜಾದ ಲೆಡ್ ಆಸಿಡ್‌ಗೆ ಅದು ಸರಿಯೇ. ಏರು ಹತ್ತಿ 90 ಆಂಪಿಯರ್ ಎಳೆಯತೊಡಗಿದ ಮೇಲೆ ನೋಡಿದರೆ 59 ವೋಲ್ಟ್. ಹದಿನೇಳು ವೋಲ್ಟ್ ಎಲ್ಲಿಗೆ ಹೋಯಿತು?

ಒಂದೊಂದೇ ಬ್ಯಾಟರಿಗೆ ಮೀಟರ್ ಹಚ್ಚಿ ಅದೇ ಏರು ಹತ್ತಿದೆವು. ನಾಲ್ಕು ಬ್ಯಾಟರಿ ಪರವಾಗಿಲ್ಲ ಅನ್ನುವ ಹಾಗಿದ್ದವು. ಎರಡು ಮಾತ್ರ ಭಾರ ಬಿದ್ದ ಕೂಡಲೇ 9 ವೋಲ್ಟಿನ ಆಸುಪಾಸಿಗೆ ಬೀಳುತ್ತಿದ್ದವು. ನಿಂತಾಗ ಅಳೆದರೆ ಎರಡೂ 12.6 ತೋರಿಸುತ್ತಿದ್ದವು. ಹಾಗಾಗಿಯೇ ಗ್ಯಾರೇಜಿನಲ್ಲಿ ಅಳೆದವರಿಗೆಲ್ಲ "ಬ್ಯಾಟರಿ ಚೆನ್ನಾಗಿದೆ" ಅಂತ ಕಂಡಿದ್ದು.

ಇನ್ನೊಂದು ವಿಷಯ ಮೀಟರ್ ಹೇಳಲಿಲ್ಲ, ಮೂಗು ಹೇಳಿತು. ಹಿಂದಿನ ಸೀಟಿನ ಅಡಿಯಿಂದ ಬಿಸಿ ಪ್ಲಾಸ್ಟಿಕ್ ವಾಸನೆ. ಮುಚ್ಚಳ ತೆಗೆದು ನೋಡಿದೆವು. ಮೂರನೇ ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ ಮೇಲೆ ಹಸಿರು ಪುಡಿ ಕೂತಿತ್ತು. ಕೇಬಲ್ಲಿನ ತುದಿಯ ಲೋಹದ ಲಗ್ಗಿನ ಬುಡದಲ್ಲಿ ರಬ್ಬರ್ ಕಂದಾಗಿ, ಗಟ್ಟಿಯಾಗಿ, ಉಗುರು ತಾಗಿಸಿದರೆ ಚೂರು ಚೂರಾಗಿ ಉದುರುತ್ತಿತ್ತು. ಲಗ್ಗಿನ ಒಳಗೆ ತಾಮ್ರದ ಎಳೆಗಳಲ್ಲಿ ಅರ್ಧ ಕಪ್ಪಾಗಿದ್ದವು. ಆ ಒಂದು ಜೋಡಣೆಯಲ್ಲೇ ಸುಮಾರು 2 ವೋಲ್ಟ್ ನಷ್ಟ. 90 ಆಂಪಿಯರಿಗೆ ಗುಣಿಸಿ, 180 ವ್ಯಾಟ್. ಏರಿನಲ್ಲಿ ಮುಗ್ಗರಿಸುತ್ತಿದ್ದ ಗಾಡಿಯ ಸೀಟಿನ ಕೆಳಗೆ ಒಂದು ಸಣ್ಣ ಇಸ್ತ್ರಿಪೆಟ್ಟಿಗೆಯನ್ನೇ ಉರಿಸುತ್ತಿದ್ದರು.

ಆ ಕೇಬಲ್ ಬದಲಿಸಿ, ಉಳಿದ ಟರ್ಮಿನಲ್‌ಗಳನ್ನು ಉಜ್ಜಿ ಬಿಗಿ ಮಾಡಿದ್ದಕ್ಕೇ ಏರಿನ ವೇಗ 18 ದಾಟಿತು, ಅದೂ ದೊಡ್ಡ ಟೈರಿನಲ್ಲಿ. ಖರ್ಚು ಒಂದು ಕೇಬಲ್ಲು, ಒಂದು ತಂತಿ ಬ್ರಶ್ಶು. ಯಜಮಾನರ ತಲೆಯಲ್ಲಿ 35 ಅನ್ನುವ ಅಂಕಿ ಅಲುಗಾಡಲು ಶುರುವಾದದ್ದು ಇಲ್ಲಿಂದ ಅಂತ ನನ್ನ ಅಂದಾಜು.

ಡಬ್ಬಿಯ ವಿಷಯ

ಈಗ ಆ ಡಬ್ಬಿ. ಮೋಟಾರಿನ ಬಾಲದಲ್ಲಿ ಒಂದು ಸೆನ್ಸರ್ ಇರುತ್ತದೆ. ಮೋಟಾರ್ ಎಷ್ಟು ಸುತ್ತು ತಿರುಗುತ್ತಿದೆ ಅಂತ ಅದು ಕಂಟ್ರೋಲರಿಗೆ, ಅಂದರೆ ಮೋಟಾರಿಗೆ ಎಷ್ಟು ಕರೆಂಟ್ ಕೊಡಬೇಕು ಅಂತ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ, ಹೇಳುತ್ತದೆ. ಡಬ್ಬಿಯನ್ನು ನಡುವೆ ಹಾಕಿದರೆ ಅದು ಆ ಸಂಕೇತವನ್ನು ಕಡಿಮೆ ಮಾಡಿ ಕಳಿಸುತ್ತದೆ. ಕಂಟ್ರೋಲರ್ ತಾನು ಇನ್ನೂ ನಿಧಾನದಲ್ಲಿದ್ದೇನೆ ಅಂದುಕೊಂಡು ಇನ್ನಷ್ಟು ಓಡಿಸುತ್ತದೆ. ಕೆಲಸ ಸುಲಭ, ಎರಡು ಪ್ಲಗ್ ಅಷ್ಟೇ.

ಬೇಡವೇ ಬೇಡ ಅಂದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಈ ಬಗೆಯ ಮೋಟಾರಿನಲ್ಲಿ ತಿರುಗುವ ಆರ್ಮೇಚರಿಗೆ ಒಂದು ಕರೆಂಟು, ಸುತ್ತಲಿನ ಫೀಲ್ಡ್ ಸುರುಳಿಗೆ ಬೇರೆಯೇ ಒಂದು ಕರೆಂಟು. ಎರಡನ್ನೂ ಕಂಟ್ರೋಲರ್ ಪ್ರತ್ಯೇಕವಾಗಿ ನೋಡಿಕೊಳ್ಳುತ್ತದೆ. ಏರಿನಲ್ಲಿ ಫೀಲ್ಡ್ ಕರೆಂಟ್ ಹೆಚ್ಚಿಸಿ ಎಳೆಯುವ ಬಲ ಕೊಡುತ್ತದೆ. ಸಮತಟ್ಟಿನಲ್ಲಿ ಫೀಲ್ಡ್ ಕಡಿಮೆ ಮಾಡಿ ವೇಗ ಕೊಡುತ್ತದೆ. ಇಳಿಜಾರಿನಲ್ಲಿ ಗಾಡಿ ಮಿತಿ ದಾಟಲು ಹೊರಟರೆ ಅದೇ ಮೋಟಾರನ್ನು ಜನರೇಟರ್ ಮಾಡಿ, ಗಾಡಿಯನ್ನು ಹಿಡಿದು, ಬ್ಯಾಟರಿಗೆ ಚಾರ್ಜ್ ತುಂಬುತ್ತದೆ. ಈ ಮೂರೂ ಕೆಲಸಕ್ಕೆ ಅದು ನಂಬುವುದು ಆ ಒಂದು ಸೆನ್ಸರನ್ನು. ಅದಕ್ಕೆ ಸುಳ್ಳು ಹೇಳಿದರೆ ಓಡುವಾಗ ಮಾತ್ರವಲ್ಲ, ಇಳಿಯುವಾಗಲೂ ಕಂಟ್ರೋಲರ್ ಕುರುಡಾಗುತ್ತದೆ.

ಮೂಲ ಟೈರಿನಲ್ಲಿ 25 ಮೈಲಿಗೆ ಈ ಮೋಟಾರ್ ನಿಮಿಷಕ್ಕೆ ಸುಮಾರು 4,900 ಸುತ್ತು ತಿರುಗುತ್ತದೆ. 35 ಮೈಲಿಗೆ 6,900. ಆರ್ಮೇಚರಿನ ತುದಿಯ ಕಮ್ಯುಟೇಟರ್ ಅಂದರೆ ತಾಮ್ರದ ಪಟ್ಟಿಗಳನ್ನು ಜೋಡಿಸಿ ಮಾಡಿದ ಉರುಟು. ಆ ಪಟ್ಟಿಗಳನ್ನು ಹೊರಕ್ಕೆಸೆಯುವ ಬಲ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 4,900ರಿಂದ 6,900 ಅಂದರೆ ಬಲ ಹೆಚ್ಚುಕಡಿಮೆ ಎರಡು ಪಟ್ಟು. ಒಂದು ಪಟ್ಟಿ ಕೂದಲೆಳೆಯಷ್ಟು ಎದ್ದರೂ ಸಾಕು, ಬ್ರಶ್ ಕುಣಿಯುತ್ತದೆ, ಕಿಡಿ ಹಾರುತ್ತದೆ, ಮೋಟಾರ್ ಹೋಯಿತು. ಅದೂ ಇಳಿಜಾರಿನಲ್ಲೇ ಆಗುವುದು ಜಾಸ್ತಿ, ಯಾಕೆಂದರೆ ಸುತ್ತು ಮೇಲೇರುವುದು ಅಲ್ಲೇ.

ಬ್ಯಾಟರಿ ಬದಲಾವಣೆ, ಮತ್ತು ಇಳಿಜಾರಿನ ಗಾಬರಿ

ಎರಡು ಸತ್ತ ಬ್ಯಾಟರಿ ಮಾತ್ರ ಬದಲಿಸುವುದು ಬೇಡ ಅಂತ ತೀರ್ಮಾನಿಸಿದೆವು. ಹಳತರ ಜೊತೆ ಹೊಸತನ್ನು ಸರಣಿಯಲ್ಲಿ ಹಾಕಿದರೆ ಹಳತು ಹೊಸತನ್ನೂ ಎಳೆದುಕೊಂಡು ಮುಳುಗುತ್ತದೆ. ಆರೂ ಹೊಸ ಲೆಡ್ ಆಸಿಡ್ ಹಾಕಬಹುದಿತ್ತು. ಅಗ್ಗವೂ ಆಗುತ್ತಿತ್ತು. ಯಜಮಾನರು ಲಿಥಿಯಂ ಆಯ್ದುಕೊಂಡರು. ನಾನೂ ಅದನ್ನೇ ಹೇಳುತ್ತಿದ್ದೆ, ಕಾರಣ ತೂಕ. ಆರು ಲೆಡ್ ಬ್ಯಾಟರಿ ಸುಮಾರು 180 ಕಿಲೋ. 100 ಆಂಪಿಯರ್-ಅವರ್ (Ah) ಸಾಮರ್ಥ್ಯದ 24 ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಪೆಟ್ಟಿಗೆ, ಪಟ್ಟಿ ಎಲ್ಲ ಸೇರಿ ಸುಮಾರು 60. ಇಬ್ಬರು ದೊಡ್ಡವರಷ್ಟು ಭಾರ ಇಳಿಯಿತು. ಏರಿನಲ್ಲಿ ಲೆಕ್ಕಕ್ಕೆ ಬರುವುದು ತೂಕವೇ. ಜೊತೆಗೆ ಭಾರ ಬಿದ್ದಾಗ ಇವುಗಳ ವೋಲ್ಟೇಜ್ ಅಷ್ಟಾಗಿ ಬೀಳುವುದಿಲ್ಲ.

ಒಂದು ಸೆಲ್ಲಿಗೆ 3.2 ವೋಲ್ಟ್, 24ಕ್ಕೆ 76.8. ಕಂಟ್ರೋಲರಿಗೆ ಇದು ಸರಿಹೊಂದುತ್ತದೆ. ಪ್ರತಿ ಸೆಲ್ಲನ್ನೂ ನೋಡಿಕೊಳ್ಳುವ ಬಿಎಂಎಸ್ ಅನ್ನುವ ಎಲೆಕ್ಟ್ರಾನಿಕ್ ಕಾವಲು ವ್ಯವಸ್ಥೆ ಹಾಕಿದೆವು, ಹಳೆಯ ಚಾರ್ಜರ್ ತೆಗೆದು ಲಿಥಿಯಂ ಚಾರ್ಜರ್ ಹಾಕಿದೆವು. ಮೊದಲ ಏರು ಸೊಗಸಾಗಿತ್ತು. 93 ಆಂಪಿಯರ್, 75 ವೋಲ್ಟ್, 24 ಮೈಲಿ. ಮೊದಲು ಎಳೆಯುತ್ತಿದ್ದ ಕರೆಂಟೇ ಹೆಚ್ಚುಕಡಿಮೆ. ವೇಗ ಮಾತ್ರ ಬೇರೆ.

ಮರುದಿನ ಬೆಳಗ್ಗೆ ರಾತ್ರಿಯಿಡೀ ಚಾರ್ಜಾದ ಗಾಡಿಯನ್ನು ನಾನು ಕೆಳಗಿಳಿಸುತ್ತಿದ್ದೆ. ಮಾಮೂಲಿಯಂತೆ ಪೆಡಲ್ ಬಿಟ್ಟೆ. ಮೋಟಾರ್ ಗಾಡಿಯನ್ನು ಹಿಡಿದುಕೊಂಡಿತು, ಒಂದಷ್ಟು ದೂರ ಎಲ್ಲ ಸರಿ. ಇದ್ದಕ್ಕಿದ್ದ ಹಾಗೆ ಹಿಡಿತ ಬಿಟ್ಟುಹೋಯಿತು. ಡ್ಯಾಶಿನಲ್ಲಿ ದೋಷದ ದೀಪ. ಯಾರೋ ಹಿಂದಿನಿಂದ ತಳ್ಳಿದ ಹಾಗೆ ಗಾಡಿ ಮುಂದಕ್ಕೆ ನುಗ್ಗಿತು. ಕಾಲಿನ ಬ್ರೇಕ್ ಒತ್ತಿ ನಿಲ್ಲಿಸಿದೆ, ಏನೂ ಆಗಲಿಲ್ಲ. ಆದರೆ ಈ ಗಾಡಿಯನ್ನು ಇಷ್ಟು ದಿನ ಹಿಡಿದಿದ್ದು ಯಾರು ಅನ್ನುವುದು ಅವತ್ತು ಸ್ಪಷ್ಟವಾಯಿತು. ಕಾಲಿನ ಬ್ರೇಕ್ ಅರ್ಧ ಕೆಲಸ ಮಾತ್ರ ಮಾಡುತ್ತಿತ್ತು.

ಆಗಿದ್ದು ಇಷ್ಟು. ಬ್ಯಾಟರಿ ಕಂಠಮಟ್ಟ ತುಂಬಿತ್ತು. ಇಳಿಜಾರಿನಲ್ಲಿ ಮೋಟಾರ್ ಇನ್ನಷ್ಟು ತುಂಬಲು ಹೋಯಿತು. ಒಂದು ಸೆಲ್ 3.65 ವೋಲ್ಟ್ ದಾಟಿದ ಕೂಡಲೇ ಬಿಎಂಎಸ್ ಬ್ಯಾಟರಿಯನ್ನು ಕಾಪಾಡಲು ದಾರಿ ಮುಚ್ಚಿತು. ಕರೆಂಟಿಗೆ ಹೋಗಲು ಜಾಗವಿಲ್ಲದಾಗ ಮೋಟಾರಿನ ಬ್ರೇಕೂ ಇಲ್ಲ. ಬ್ಯಾಟರಿಯ ದೃಷ್ಟಿಯಲ್ಲಿ ಬಿಎಂಎಸ್ ಮಾಡಿದ್ದು ಸರಿಯೇ. ಗಾಡಿಯಲ್ಲಿ ಕೂತವನ ಕಷ್ಟ ಅದಕ್ಕೆ ಗೊತ್ತಾಗುವುದಿಲ್ಲ.

ಗುಡ್ಡದ ಮೇಲೆ ಮನೆ ಇರುವವರು ಈ ಭಾಗವನ್ನು ಇನ್ನೊಮ್ಮೆ ಓದಿಕೊಳ್ಳಿ. ಲಿಥಿಯಂ ಹಾಕಿಸುವಾಗ ಬೆಲೆ, ದೂರ, ಚಾರ್ಜಿಂಗ್ ಸಮಯ ಎಲ್ಲ ಕೇಳುತ್ತೇವೆ. ತುಂಬಿದ ಬ್ಯಾಟರಿಯಲ್ಲಿ ಇಳಿಜಾರು ಇಳಿದರೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ಪರಿಹಾರ ಕಷ್ಟವಿರಲಿಲ್ಲ. ಚಾರ್ಜರನ್ನು ಸೆಲ್ಲಿಗೆ 3.45 ವೋಲ್ಟಿಗೇ, ಅಂದರೆ ಒಟ್ಟು 82.8ಕ್ಕೇ ನಿಲ್ಲುವಂತೆ ಹೊಂದಿಸಿದೆವು. ಆದರೆ ಅಷ್ಟೇ ಸಾಲದು. ಹಾಗೆ ಬಿಟ್ಟರೆ ಸೆಲ್ ನಿಧಾನವಾಗಿ ತುಂಬುತ್ತಲೇ ಹೋಗುತ್ತದೆ. ಅದಕ್ಕೆ ಟೈಮರ್ ಹಾಕಿ, ಹತ್ತನೇ ಒಂದು ಭಾಗ ಖಾಲಿ ಇರುವಾಗಲೇ ಚಾರ್ಜ್ ನಿಲ್ಲುವ ಹಾಗೆ ಮಾಡಿದೆವು. ಕಂಟ್ರೋಲರಿನಲ್ಲಿ ಇಳಿಜಾರಿನ ಚಾರ್ಜಿಂಗ್ ಕರೆಂಟನ್ನೂ ತಗ್ಗಿಸಿದೆವು. ಆಮೇಲೆ ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿದೆವು. ಎಡಗಡೆ ಶೂ ಗಾಜಿನಂತೆ ನುಣ್ಣಗಾಗಿತ್ತು, ಬಲಗಡೆಯದು ಅರ್ಧ ಸವೆದಿತ್ತು. ಎರಡೂ ಹೊಸದು ಹಾಕಿದೆವು.

"ಈಗ ದಮ್ಮಿದೆಯಲ್ಲ"

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಗಾಡಿ ಚುರುಕಾದ ಮೇಲೆ ಯಜಮಾನರಿಗೆ ಹಳೆಯ ಆಸೆ ಮತ್ತೆ ಚಿಗುರಿತು. "ಈಗ ದಮ್ಮಿದೆಯಲ್ಲ, ಒಂದ್ಸಲ ನೋಡೋಣ." ಕೊಟ್ಟ ಮಾತಿತ್ತು, ನೋಡಿದೆವು. ಪರಿಚಯದವರ ಗೋದಾಮಿನ ಹಿಂದೆ ಉದ್ದನೆಯ ಖಾಸಗಿ ರಸ್ತೆ ಇದೆ. ಭಾನುವಾರ ಖಾಲಿ ಇರುತ್ತದೆ. ಒಪ್ಪಿಗೆ ತೆಗೆದುಕೊಂಡು, ಎರಡೂ ತುದಿಗೆ ಕೋನ್ ಇಟ್ಟು, ಡಬ್ಬಿ ಬಳಸದೆ ಕಂಟ್ರೋಲರಿನ ಮಿತಿಯನ್ನೇ ಏರಿಸಿ ಓಡಿಸಿದೆವು. ದೊಡ್ಡ ಟೈರ್ ಇನ್ನೂ ಇದ್ದವು.

ಗಾಡಿ 33 ಮೈಲಿ ಮುಟ್ಟಿತು. ಅದರಲ್ಲಿ ವಿಶೇಷವೇನೂ ಇಲ್ಲ. ನೋಡಬೇಕಾದದ್ದು ಬೇರೆ ಇತ್ತು.

ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಗೆರೆ ಮುಟ್ಟಿದ ಕೂಡಲೇ ಬ್ರೇಕ್ ಒತ್ತಿದೆವು. 25 ಮೈಲಿಯಲ್ಲಿ ಸುಮಾರು 13 ಮೀಟರಿಗೆ ನಿಂತಿತು. 33ರಲ್ಲಿ 24 ಮೀಟರ್ ದಾಟಿತು. ಬ್ರೇಕ್ ಶೂ ಹೊಸದಿದ್ದಾಗಲೂ ಹೀಗೆ. ವೇಗ ಮೂರನೇ ಒಂದು ಭಾಗ ಹೆಚ್ಚಾದರೆ ನಿಲ್ಲುವ ದೂರ ಹೆಚ್ಚುಕಡಿಮೆ ಎರಡು ಪಟ್ಟು. ಜೋರಾಗಿ ಒತ್ತಿದಾಗ ಹಿಂಬದಿ ಹಗುರವಾಗಿ ಅಲ್ಲಾಡುತ್ತಿತ್ತು. ಸೀಟಿನ ಕೆಳಗಿನ 120 ಕಿಲೋ ಇಳಿಸಿದ್ದರ ಇನ್ನೊಂದು ಮುಖ ಅದು. ಸ್ಟೀರಿಂಗ್ 30 ಮೈಲಿ ದಾಟಿದ ಮೇಲೆ ಕೈಯಲ್ಲಿ ನಡುಗುತ್ತಿತ್ತು.

ಕರೆಂಟಿನ ಲೆಕ್ಕವೂ ಅಷ್ಟೇ. ಬೆನ್ನು ನೆಟ್ಟಗೆ ನಿಂತ ಬೀರುವಿನಂಥ ಗಾಡಿ ಇದು, ಗಾಳಿಯನ್ನು ಸೀಳುವುದಿಲ್ಲ, ತಳ್ಳುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಘನಕ್ಕೆ ತಕ್ಕಂತೆ. ನನ್ನ ಅಂದಾಜಿನಲ್ಲಿ ಸಮತಟ್ಟಿನಲ್ಲಿ 25 ಮೈಲಿಗೆ ಚಕ್ರದ ಬಳಿ ಸುಮಾರು 2 ಕಿಲೋವ್ಯಾಟ್ ಸಾಕು. 35ಕ್ಕೆ 4 ದಾಟುತ್ತದೆ. ಅದೇ ಏರಿನಲ್ಲಿ 35 ಬೇಕೆಂದರೆ 8.5 ಕಿಲೋವ್ಯಾಟ್, ಬ್ಯಾಟರಿಯಿಂದ 150 ಆಂಪಿಯರಿಗಿಂತ ಜಾಸ್ತಿ. ಮೋಟಾರ್ ನಿರಂತರವಾಗಿ ತಾಳಿಕೊಳ್ಳುವುದು 5 ಅಶ್ವಶಕ್ತಿ, ಅಂದರೆ 3.7 ಕಿಲೋವ್ಯಾಟ್. ಎರಡು ಪಟ್ಟಿಗೂ ಮೀರಿ ಎಳೆದರೆ ಬ್ರಶ್ಶು, ಸುರುಳಿ ಎಷ್ಟು ದಿನ ಬಾಳಿಕೆ ಬಂದಾವು?

ಈ ಅಂಕಿಗಳನ್ನೆಲ್ಲ ನಾನು ಹೇಳುತ್ತಿದ್ದಾಗ ಯಜಮಾನರ ಹೆಂಡತಿ ನೆರಳಲ್ಲಿ ಕೂತು ನೋಡುತ್ತಿದ್ದರು. ಅವರು ಒಂದು ಸಲ ಪಕ್ಕದ ಸೀಟಿನಲ್ಲಿ ಕೂತು ಬಂದಿದ್ದರು. ಇಳಿದವರೇ ಸೆರಗು ಸರಿ ಮಾಡಿಕೊಂಡು ಕೇಳಿದರು: "ರೀ, ಇಷ್ಟು ಜೋರಾಗಿ ಹೋಗೋದಾದ್ರೆ ಬಾಗಿಲು ಬೇಡ್ವಾ?"

ನನ್ನ ಕಿಲೋವ್ಯಾಟಿಗಿಂತ ಆ ಪ್ರಶ್ನೆಗೇ ಯಜಮಾನರು ಸುಮ್ಮನಾದದ್ದು.

ಆಮೇಲೆ ಕೂತು ಸಮಯ ಲೆಕ್ಕ ಹಾಕಿದೆವು. ಆ ಮುಕ್ಕಾಲು ಮೈಲಿಯನ್ನು 17 ಮೈಲಿಯಲ್ಲಿ ಹತ್ತಲು 159 ಸೆಕೆಂಡ್. 25ರಲ್ಲಿ 108. 35ರಲ್ಲಿ 77. ಹದಿನೇಳರಿಂದ ಇಪ್ಪತ್ತೈದಕ್ಕೆ ಬಂದಾಗ 51 ಸೆಕೆಂಡ್ ಉಳಿದಿತ್ತು. ಅಲ್ಲಿಂದ 35ಕ್ಕೆ ಹೋದರೆ ಇನ್ನು 31 ಸೆಕೆಂಡ್. ಉಳಿದ ದಾರಿಯೆಲ್ಲ 25 ಮಿತಿಯ ಬಡಾವಣೆ ರಸ್ತೆಗಳೇ, ಅಲ್ಲಿ ಏನೂ ಸಿಗುವುದಿಲ್ಲ. ಅರ್ಧ ನಿಮಿಷಕ್ಕೋಸ್ಕರ ವಿಮೆ, ಮೋಟಾರು, ಬ್ರೇಕು ಮೂರನ್ನೂ ಪಣಕ್ಕಿಡಬೇಕಿತ್ತು.

ಬಟನ್ ಒತ್ತಿದರೆ 35, ಬಿಟ್ಟರೆ 25 ಆಗುವಂತೆ ಸ್ವಿಚ್ ಇಡೋಣವೇ ಅಂತ ಯಜಮಾನರು ಕೊನೆಯದಾಗಿ ಕೇಳಿದರು. ಇಂಥ ಸ್ವಿಚ್ ಬೇಕಾದಷ್ಟು ಗಾಡಿಗಳಲ್ಲಿದೆ. ಕಾನೂನು ಕೇಳುವುದು ಗಾಡಿ 25 ದಾಟುವಂತೆ ಬದಲಾಗಿದೆಯೇ ಅಂತ, ಈಗ ಎಷ್ಟರಲ್ಲಿ ಹೋಗುತ್ತಿದೆ ಅಂತಲ್ಲ. ಸ್ವಿಚ್ ಇದ್ದರೆ ಉತ್ತರ ಹೌದು ಅಂತಲೇ.

ಎಲ್ಲಿಗೆ ಬಂದು ನಿಂತಿತು

20.5 ಇಂಚಿನ ಟೈರ್‌ಗಳು ವಾಪಸ್ ಬಂದವು. ಕಂಟ್ರೋಲರಿನ ಮಿತಿ 25ಕ್ಕೆ ಹೋಯಿತು, ಜಿಪಿಎಸ್ಸಿನಲ್ಲಿ ತಾಳೆ ನೋಡಿದೆವು. ಈಗ ಏರಿನಲ್ಲೂ ಗಾಡಿ 25 ಬಿಟ್ಟು ಇಳಿಯುವುದಿಲ್ಲ. ಮೋಟಾರಿನ ಮೈ ಏರಿನ ತುದಿಯಲ್ಲಿ ಬಿಸಿಯಾಗುತ್ತದೆ, ಆದರೆ ಎರಡು ನಿಮಿಷದೊಳಗಿನ ಕೆಲಸವಾದ್ದರಿಂದ ತಾಳುತ್ತದೆ. ಅಂಗಳಕ್ಕೆ ಬಂದು ನಿಲ್ಲಿಸಿದಾಗ ಕೈ ಇಟ್ಟು ನೋಡುವುದು ಯಜಮಾನರಿಗೆ ಅಭ್ಯಾಸವಾಗಿದೆ.

ಹಾರ್ನ್ ಪೂರ್ತಿ ನಿಂತಿಲ್ಲ. 35 ಮಿತಿಯ ರಸ್ತೆಯಲ್ಲಿ 45ರಲ್ಲಿ ಬರುವವರಿಗೆ 25 ಕೂಡ ನಿಧಾನವೇ. ಆದರೆ ಸಾಲು ಕಟ್ಟುವುದು ಕಡಿಮೆಯಾಗಿದೆ. ಸಂಜೆ ಆಫೀಸು ಬಿಡುವ ಹೊತ್ತಿಗೆ ಆ ರಸ್ತೆಗೆ ಹೋಗದಿರುವುದು ಅವರೇ ಮಾಡಿಕೊಂಡ ನಿಯಮ. ಯಾವ ಕಂಟ್ರೋಲರಿಗಿಂತಲೂ ಅದರಿಂದ ಜಾಸ್ತಿ ಉಪಕಾರವಾಗಿದೆ ಅಂತ ನನಗನ್ನಿಸುತ್ತದೆ.

ಇಂಥದೇ ಗಾಡಿ ಇಟ್ಟುಕೊಂಡವರಿಗೆ ಹೇಳುವುದಾದರೆ, ವೇಗ ಸಾಲದು ಅನ್ನಿಸಿದಾಗ ಎಲ್ಲಿ ಸಾಲದು ಅಂತ ಮೊದಲು ನೋಡಿ. ಸಮತಟ್ಟಿನಲ್ಲಿ 25 ಮುಟ್ಟಿ ಏರಿನಲ್ಲಿ ಬಿದ್ದುಹೋಗುತ್ತಿದ್ದರೆ ನಿಮಗೆ ಬೇಕಾಗಿರುವುದು ಬೇರೆ ಮಿತಿಯಲ್ಲ. ವೋಲ್ಟೇಜನ್ನು ಗಾಡಿ ಓಡುವಾಗ, ಒಂದೊಂದು ಬ್ಯಾಟರಿಗೂ ಬೇರೆ ಬೇರೆಯಾಗಿ ಅಳೆಯಿರಿ, ಏರು ಹತ್ತಿದ ಕೂಡಲೇ ಟರ್ಮಿನಲ್‌ಗಳ ಬಿಸಿ ನೋಡಿ. ಬ್ರೇಕ್ ಡ್ರಮ್ ಬಿಚ್ಚದೆ ಬ್ಯಾಟರಿ ಬದಲಿಸಬೇಡಿ. ಎಸಿ ಮೋಟಾರ್, ದೊಡ್ಡ ಕಂಟ್ರೋಲರ್ ಹಾಕಿದರೆ ಬ್ರಶ್ಶಿನ ಕಾಟ ಹೋಗುತ್ತದೆ, ಇಳಿಜಾರಿನ ಹಿಡಿತವೂ ಚೆನ್ನಾಗಿರುತ್ತದೆ. ಆದರೆ ಬ್ರೇಕು, ಬಾಗಿಲು, ಕಾನೂನು ಇದ್ದಲ್ಲೇ ಇರುತ್ತವೆ.

ಈ ಕೆಲಸ ಮುಗಿದ ಮೇಲೆ ಅದೇ ಬಡಾವಣೆಯ ಇನ್ನೊಬ್ಬರು ಬಂದರು. ಅದೇ ಮಾದರಿಯ ಗಾಡಿ, ಬ್ಯಾಟರಿ ಹೊಸದು, ಅವರ ದಾರಿಯಲ್ಲಿ ಏರೂ ಇಲ್ಲ. ಆದರೆ ಮಗಳ ಮನೆಗೆ ಹೋಗಲು 45 ಮಿತಿಯ ರಸ್ತೆಯಲ್ಲಿ ಎರಡು ಮೈಲಿ ಹೋಗಬೇಕು. ಅವರ ಗಾಡಿಯ ಮುಚ್ಚಳ ತೆಗೆಯುವ ಅಗತ್ಯವೇ ಬೀಳಲಿಲ್ಲ. ಏರ್‌ಬ್ಯಾಗ್, ಬಾಗಿಲು ಎಲ್ಲ ಇರುವ ಹಳೆಯ ನಿಸ್ಸಾನ್ ಲೀಫ್ ಒಂದನ್ನು ನೋಡಿ, ಬ್ಯಾಟರಿ ಎಷ್ಟು ಉಳಿದಿದೆ ಅಂತ ಪರೀಕ್ಷಿಸಿ ತೆಗೆದುಕೊಳ್ಳಿ ಅಂದೆ. ಯಜಮಾನರೂ ಅವರ ಜೊತೆ ಗಾಡಿ ನೋಡಲು ಹೋಗುತ್ತಿದ್ದಾರೆ, ಕೈಯಲ್ಲಿ ನನ್ನ ಕ್ಲ್ಯಾಂಪ್ ಮೀಟರ್ ಹಿಡಿದುಕೊಂಡು. ಲೀಫಿಗೆ ಅದು ಉಪಯೋಗಕ್ಕೆ ಬರುವುದಿಲ್ಲ, ಒಳಗೆ 350 ವೋಲ್ಟಿಗೂ ಮೇಲಿದೆ, ಮುಟ್ಟಬೇಡಿ ಅಂತ ಹೇಳಿ ಕಳಿಸಿದ್ದೇನೆ.